ಶ್ವಾನಶಿಶು ಶುಷ್ಕಾಹಾರ ಸಂಕ್ರಮಣ ಮೀಮಾಂಸೆ: ಒಂದು ಪೂರ್ವಭಾವಿ ಅಧ್ಯಯನ

ಕನ್ನಡದಲ್ಲಿ ದನಕ್ಕೆ ಕೀರ್ತಿವರ್ಮನ ‘ಗೋವೈದ್ಯ’ವಿದೆ. ಕುದುರೆಗೂ ಶಾಸ್ತ್ರಗ್ರಂಥಗಳಿವೆ. ಮನುಷ್ಯರ ನಾಲಿಗೆಗಾಗಿ ಮೂರನೆಯ ಮಂಗರಸ ಷಟ್ಪದಿಯಲ್ಲೇ ‘ಸೂಪಶಾಸ್ತ್ರ’ ಬರೆದಿಟ್ಟು ಹೋಗಿದ್ದಾನೆ. ಆದರೆ ಎರಡೂವರೆ ತಿಂಗಳ ನಾಯಿಮರಿಗೆ ಹೊಟ್ಟೆ ಕೆಟ್ಟಾಗ ಯಾವ ಡ್ರೈ ಫುಡ್ ಹಾಕಬೇಕು, ಹಾಕುತ್ತಿರುವುದನ್ನು ಬಿಡಿಸುವುದು ಹೇಗೆ ಎಂಬ ಬಗ್ಗೆ ಪಂಪನಿಂದ ಇಲ್ಲಿಯವರೆಗೆ ಯಾರೂ ಲೇಖನಿ ಎತ್ತಿಲ್ಲ. ಈ ಕೊರತೆಯನ್ನು ನೀಗಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಮಾರ್ಗದರ್ಶಕರು ಸಿಗದ ಕಾರಣ ಆ ಕೆಲಸವನ್ನು ನಮ್ಮ ಬೀದಿಯವರೆಲ್ಲ ಸೇರಿ, ಕೇಳದೆಯೇ, ನಿರ್ವಹಿಸಿದ್ದಾರೆ.

ಮೊದಲು ಶಾಸನಾಧಾರ. ಹತ್ತನೇ ಶತಮಾನದ ಆತಕೂರು ಶಾಸನ ನಾಯಿಗಳ ಪಾಲಿಗೆ ಕನ್ನಡದ ಬಹುಮುಖ್ಯ ದಾಖಲೆ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೆರನಿಗೆ ಒಡೆಯ ಮೆಚ್ಚಿ ‘ಬೇಡಿಕೋ’ ಎಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯ ಮೇಲೆ ಬಿದ್ದು ಕಾದಿತು, ಎರಡೂ ಸತ್ತವು, ಕಲ್ಲು ನಿಂತಿತು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಏನು ತಿನ್ನುತ್ತಿತ್ತು ಎಂಬ ಬಗ್ಗೆ ಮಾತ್ರ ಶಾಸನ ತುಟಿ ಬಿಚ್ಚುವುದಿಲ್ಲ. ಊಟದ ಮಾತು ಬರುವುದು ಗೊರವನ ವಿಷಯದಲ್ಲಿ: ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ. ನಾಯಿಯ ದೆಸೆಯಿಂದ ಮನೆಯವರ ಊಟ ತಡವಾಗುವ ಪರಂಪರೆಗೆ ಸಾವಿರ ವರ್ಷದ ಲಿಖಿತ ಆಧಾರವಿದೆ ಎಂದಷ್ಟೇ ಇದರಿಂದ ಸಿದ್ಧವಾಗುತ್ತದೆ.

ಒಣ ತಿನಿಸಿನ ಇತಿಹಾಸ ತೀರ ಈಚಿನದು. ಸಿಡಿಲು ಬಡಿಯದಂತೆ ಕಟ್ಟಡದ ಮೇಲೆ ನೆಡುವ ಕಂಬಿ ಮಾರಲು ಅಮೆರಿಕದಿಂದ ಲಂಡನ್ನಿಗೆ ಹೋದ ಜೇಮ್ಸ್ ಸ್ಪ್ರಾಟ್, ಹಡಗಿನವರು ಎಸೆದ ಗಟ್ಟಿ ಬಿಸ್ಕತ್ತನ್ನು ಬಂದರಿನ ನಾಯಿಗಳು ಕಡಿಯುವುದನ್ನು ಕಂಡು, 1860ರ ಸುಮಾರಿಗೆ ನಾಯಿ ಬಿಸ್ಕತ್ತಿನ ವ್ಯಾಪಾರಕ್ಕೆ ಇಳಿದನೆಂಬುದು ಪ್ರಚಲಿತ ಕಥೆ. ಕಂಬಿಗಳ ಗತಿ ಏನಾಯಿತೆಂದು ಯಾರೂ ಹೇಳುವುದಿಲ್ಲ. ಇಂದಿನ ಉಬ್ಬಿದ ಕಾಳು ಬಂದದ್ದು 1950ರ ದಶಕದಲ್ಲಿ. ಹಿಟ್ಟನ್ನು ಹಬೆಯಲ್ಲಿ ಬೇಯಿಸಿ ಒತ್ತಡದಿಂದ ಅಚ್ಚಿನಲ್ಲಿ ತಳ್ಳುತ್ತಾರೆ. ಚಕ್ಕುಲಿ ಒರಳಿನ ತತ್ತ್ವವೇ, ಒರಳು ಮಾತ್ರ ದೊಡ್ಡದು. ಆಮೇಲೆ ಒಣಗಿಸಿ ಮೇಲೆ ಕೊಬ್ಬು ಸಿಂಪಡಿಸುತ್ತಾರೆ. ಚೀಲ ಬಿಚ್ಚಿದಾಗ ಮರಿ ಕುಣಿಯುವುದೂ ನಾವು ಮೂಗು ಮುಚ್ಚುವುದೂ ಈ ಕೊಬ್ಬಿನ ವಾಸನೆಗೇ.

ಅಧ್ಯಯನದ ವಿಷಯವ್ಯಕ್ತಿ ಗುಂಡ, ಮೈಸೂರು ವಾಸಿ, ಜಾತಿಯಲ್ಲಿ ಲ್ಯಾಬ್ರಡಾರ್. ಪ್ರಾಥಮಿಕ ಆಕರ ದಿನವೂ ಬೆಳಿಗ್ಗೆ ಜಗುಲಿಯ ಮೇಲೆ ಲಭ್ಯವಿರುತ್ತದೆ. ಚಪ್ಪಲಿ ಹಾಕಿಕೊಂಡು ಸಂಶೋಧನೆಗಿಳಿಯುವುದು ಕ್ಷೇಮ. ಇದರ ವರ್ಗೀಕರಣಕ್ಕೆ ಪಶುವೈದ್ಯರಲ್ಲಿ 1ರಿಂದ 7ರವರೆಗಿನ ಪಟ್ಟಿಯೇ ಇದೆ. 1 ಎಂದರೆ ಗೋಲಿಯಂತೆ ಉರುಳುವಂಥದ್ದು, 7 ಎಂದರೆ ಬಟ್ಟೆಯಲ್ಲಿ ಮಾತ್ರ ಎತ್ತಬಹುದಾದದ್ದು. ಎತ್ತಿದರೆ ಆಕಾರ ಕೆಡದೆ, ನೆಲದಲ್ಲಿ ಗುರುತು ಅಷ್ಟಾಗಿ ಉಳಿಯದೆ ಬರುವ 2 ಉತ್ತಮ ಕಾವ್ಯ. 3ರವರೆಗೆ ಸಹೃದಯರು ಒಪ್ಪಬಹುದು. ಗುಂಡನ ಕೃತಿಗಳು ಅವನು ಮನೆಗೆ ಬಂದ ವಾರದಲ್ಲೇ 5ಕ್ಕೆ ಜಾರಿದವು. ಈ ಪ್ರಬಂಧ ಹುಟ್ಟಿದ್ದು ಅಲ್ಲಿಂದ.

ಮತತ್ರಯ ವಿಚಾರ

ಬೀದಿಯಲ್ಲಿ ಮೂರು ಮತಗಳು ಪ್ರಚಲಿತವಾಗಿವೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಅದ್ವೈತಿಗಳು: ಕಾಳೆಲ್ಲ ಒಂದೇ, ಪಪ್ಪಿ ಅಡಲ್ಟ್ ಎಂಬ ಭೇದ ಚೀಲದ ಮೇಲಿನ ಮಾಯೆ. ಪೆಟ್ ಶಾಪಿನವನು ದ್ವೈತಿ: ನಾಯಿಯ ಊಟ ಬೇರೆ, ಮನುಷ್ಯರದು ಬೇರೆ, ಈ ಭೇದ ನಿತ್ಯ, ಮತ್ತು ಚೀಲಗಳಲ್ಲಿ ತಾರತಮ್ಯ ಸತ್ಯ. ತಾರತಮ್ಯದ ಮೆಟ್ಟಿಲುಗಳನ್ನು ಅವನು ಕಪಾಟಿನಲ್ಲಿ ಬೆಲೆಯ ಪ್ರಕಾರ ಜೋಡಿಸಿಟ್ಟಿದ್ದಾನೆ. ನಮ್ಮಜ್ಜಿಯದು ವಿಶಿಷ್ಟಾದ್ವೈತ: ಕಾಳೂ ಸತ್ಯ, ಮೊಸರನ್ನವೂ ಸತ್ಯ, ಕಲಸಿ ಹಾಕು. ಗುಂಡ ಮಾತ್ರ ಚಾರ್ವಾಕ. ಕಣ್ಣಿಗೆ ಕಂಡದ್ದನ್ನೆಲ್ಲ ತಿನ್ನುತ್ತಾನೆ. ನನ್ನ ಎಡಗಾಲಿನ ಚಪ್ಪಲಿ ಅವನ ಪ್ರತ್ಯಕ್ಷ ಪ್ರಮಾಣ.

ಮೇಷ್ಟ್ರ ವಾದವನ್ನು ಖಂಡಿಸುವುದು ಸುಲಭ. ಬೆಳೆಯುವ ಮರಿಗೆ ದೊಡ್ಡ ನಾಯಿಗಿಂತ ಹೆಚ್ಚು ಪ್ರೋಟೀನ್, ಕ್ಯಾಲ್ಸಿಯಂ ಬೇಕು. ಆದರೆ ದ್ವೈತಿಯೂ ಹಿಗ್ಗಬೇಕಿಲ್ಲ. ಗುಂಡನಂಥ ದೊಡ್ಡ ಜಾತಿಯ ಮರಿಗೆ ಕ್ಯಾಲ್ಸಿಯಂ ಅತಿಯಾದರೂ ತೊಂದರೆ, ಏಕೆಂದರೆ ಎಳೆಯ ಕರುಳು ಬೇಕಾದಷ್ಟು ಹೀರಿ ಉಳಿದದ್ದನ್ನು ಬಿಡುವ ವಿದ್ಯೆ ಕಲಿತಿರುವುದಿಲ್ಲ, ಮೂಳೆ ಸೊಟ್ಟಗಾಗುತ್ತದೆ. ಹಾಗಾಗಿ ‘ಲಾರ್ಜ್ ಬ್ರೀಡ್ ಪಪ್ಪಿ’ ಎಂಬುದು ಮಾಯೆಯಲ್ಲ, ಆದರೆ ಅದರ ಜೊತೆಗೆ ಅದೇ ಅಂಗಡಿಯವನು ಮಾರುವ ಕ್ಯಾಲ್ಸಿಯಂ ಸಿರಪ್ಪು ಮಾಯೆ. ಅಜ್ಜಿಯ ಅನ್ನದ ಪಕ್ಷಕ್ಕೆ ಅನಿರೀಕ್ಷಿತ ಬೆಂಬಲ ಸ್ವೀಡನ್ನಿನಿಂದ ಬಂದಿದೆ. 2013ರಲ್ಲಿ ಎರಿಕ್ ಆಕ್ಸೆಲ್‌ಸನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದಂತೆ, ಪಿಷ್ಟ ಜೀರ್ಣಿಸುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ 2 ಪ್ರತಿ ಇದ್ದರೆ ನಾಯಿಯಲ್ಲಿ 4ರಿಂದ 30 ಪ್ರತಿಗಳಿವೆ. ಮುದ್ದೆ ಅನ್ನ ಉಂಡು ಸಾವಿರಾರು ವರ್ಷ ನಮ್ಮೊಡನೆ ಬದುಕಿದ್ದಕ್ಕೆ ನಾಯಿಯ ಹೊಟ್ಟೆಯಲ್ಲೇ ಸಾಕ್ಷಿ ಇದೆ. ಆದರೆ ಹಾಲಿನ ಪಕ್ಷಕ್ಕೆ ಈ ಬೆಂಬಲವಿಲ್ಲ. ತಾಯಿಯ ಮೊಲೆ ಬಿಟ್ಟ ಮೇಲೆ ಹಾಲಿನ ಸಕ್ಕರೆ ಕರಗಿಸುವ ಶಕ್ತಿ ಮರಿಯಲ್ಲಿ ಕುಗ್ಗುತ್ತದೆ, ಹಾಲು ಹಾಕಿದರೆ ಹಲವಕ್ಕೆ ಭೇದಿ.

ಚೀಲದ ಪಾಠನಿರ್ಣಯ

ಗ್ರಂಥಸಂಪಾದನೆಯ ಶಿಸ್ತು ಬಲ್ಲವರು ಚೀಲವನ್ನು ಹಿಂದುಗಡೆಯಿಂದ ಓದುತ್ತಾರೆ. ಮುಂದುಗಡೆ ಇರುವುದು ಪ್ರಶಸ್ತಿಪದ್ಯ. ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ, ಆದರೆ ಅದು ಬೇಯಿಸುವ ಮುಂಚಿನ ತೂಕ. ಹಸಿ ಕೋಳಿಮಾಂಸ ಮೊದಲ ಸ್ಥಾನದಲ್ಲಿದ್ದರೆ ಅದರ ಬಹುಪಾಲು ನೀರು. ನೀರು ಹಾರಿದ ಮೇಲೆ ಆ ಸ್ಥಾನ ಉಳಿಯುತ್ತದೆಯೇ ಎಂಬುದು ವಿವಾದಾಸ್ಪದ. ಪ್ರೋಟೀನ್ ಶೇ. 24, ತೇವ ಶೇ. 10 ಎಂದಿದ್ದರೆ ತೇವ ಕಳೆದ ಲೆಕ್ಕದಲ್ಲಿ ಪ್ರೋಟೀನ್ ಸುಮಾರು ಶೇ. 26.7. ಇಂಥ ಲೆಕ್ಕ ಬಾಯಲ್ಲಿ ಹೇಳಿದರೆ ಅಂಗಡಿಯವನು ನಿಮ್ಮನ್ನು ‘ಸರ್’ ಎನ್ನಲು ಶುರುಮಾಡುತ್ತಾನೆ, ಬೆಲೆ ಇಳಿಸುವುದಿಲ್ಲ.

ಅತ್ಯಂತ ಅಪಪಾಠಕ್ಕೀಡಾದ ಭಾಗವೆಂದರೆ ಪ್ರಮಾಣದ ಕೋಷ್ಟಕ. ಅದರಲ್ಲಿರುವುದು ಇಡೀ ದಿನದ ಗ್ರಾಂ; ನಮ್ಮ ಜನ ಅದನ್ನು ಒಂದು ಹೊತ್ತಿನದೆಂದು ಓದಿ, ಮೂರು ಹೊತ್ತು ಹಾಕಿ, ಭೇದಿಯಾದಾಗ ಚೀಲವನ್ನು ಬೈಯುತ್ತಾರೆ. ನಮ್ಮ ಮನೆಯಲ್ಲಿ ಗ್ರಾಮಿನ ಬದಲು ಪಾವು ಚಾಲ್ತಿಯಲ್ಲಿದೆ. ಒಂದು ಕಂಪನಿಯ ಕಾಳು ಹಗುರ, ಇನ್ನೊಂದರದು ಭಾರ. ಪಾವಿಗೆ ಅದು ತಿಳಿಯುವುದಿಲ್ಲ. ಅಜ್ಜಿ ಅಳೆದ ಮೇಲೆ ‘ಮಗೂಗೆ’ ಎಂದು ಒಂದು ಹಿಡಿ ಹೆಚ್ಚು ಸುರಿಯುವುದನ್ನು ಯಾವ ಮಾಪನಶಾಸ್ತ್ರವೂ ಹಿಡಿಯಲಾರದು. ಇನ್ನು ದೊಡ್ಡ ಮೂಟೆ ಬಿಚ್ಚಿ, ದಿನಾಂಕವಿಲ್ಲದ ಪ್ಲಾಸ್ಟಿಕ್ ಕವರಿಗೆ ತುಂಬಿ ಕೊಡುವ ಕಾಳು: ಗಾಳಿಯಾಡಿ ಮೇಲಿನ ಕೊಬ್ಬು ಕಮಟು ಹಿಡಿದಿರುತ್ತದೆ. ಲೂಸಾಗಿ ತಂದದ್ದು ಲೂಸಾಗಿಯೇ ಹೋಗುತ್ತದೆ.

ಇಲ್ಲೊಂದು ಕಡೆ ಅಣಕವನ್ನು ಬದಿಗಿಡಬೇಕು. ಭೇದಿಗೆ ಕಾಳೇ ಕಾರಣ ಎಂಬುದು ಬಹಳ ಸಲ ಅವಸರದ ತೀರ್ಪು. ಜಂತುಹುಳು, ಜಿಯಾರ್ಡಿಯಾ, ಮನೆ ಬದಲಾದ ಗಾಬರಿ, ಬೀದಿಯಲ್ಲಿ ನೆಕ್ಕಿದ ಕಸ ಇವೆಲ್ಲ ಸರದಿಯಲ್ಲಿ ಮುಂದಿವೆ. ವಾಂತಿ, ಮಲದಲ್ಲಿ ರಕ್ತ, ಊಟ ಬಿಟ್ಟು ಮೂಲೆ ಹಿಡಿಯುವುದು ಕಂಡರೆ ಮೀಮಾಂಸೆ ಬೇಡ, ಅಂದೇ ಪಶುವೈದ್ಯರ ಬಳಿ ಓಡಬೇಕು. ಅದು 1978ರಲ್ಲಿ ಮೊದಲು ಗುರುತಿಸಲಾದ ಪಾರ್ವೊ ಆಗಿರಬಹುದು, ಲಸಿಕೆಗಳು ಮುಗಿಯದ ಮರಿಯನ್ನು ಅದು ದಿನಗಳಲ್ಲಿ ಕೊಲ್ಲಬಲ್ಲದು. ಮನುಷ್ಯರ ಭೇದಿ ಮಾತ್ರೆ ಚೂರು ಮಾಡಿ ಹಾಕುವುದೂ ಬೇಡ. ಗುಂಡನಿಗೆ ವೈದ್ಯರು ಹುಳದ ಔಷಧ ಕೊಟ್ಟರು, ಎರಡು ದಿನ ಬೇಯಿಸಿದ ಕೋಳಿ ಮತ್ತು ಮೆತ್ತಗಿನ ಅನ್ನ ಎಂದರು, ಆಮೇಲೆ ಬೇಕಿದ್ದರೆ ನಿಧಾನವಾಗಿ ಕಾಳು ಬದಲಿಸಿ ಎಂದರು. ‘ನಿಧಾನವಾಗಿ’ ಎಂಬ ಆ ಪದದ ಮೇಲೆ ನಮ್ಮಲ್ಲಿ ವ್ಯಾಖ್ಯಾನಗಳು ಬೆಳೆದವು.

ಸೂತ್ರ, ವೃತ್ತಿ, ಆಕ್ಷೇಪ

ಸೂತ್ರ: ಹಳತು ಮುಕ್ಕಾಲು, ಹೊಸತು ಕಾಲು, ಬಳಿಕ ಸಮಪಾಲು, ಬಳಿಕ ತಿರುವುಮುರುವು.

ವೃತ್ತಿ: ಎರಡು ಮೂರು ದಿನಕ್ಕೊಮ್ಮೆ ಹೊಸ ಕಾಳಿನ ಪಾಲು ಕಾಲಿನಷ್ಟು ಏರಬೇಕು, ಒಟ್ಟು 7ರಿಂದ 10 ದಿನ, ಹೊಟ್ಟೆ ನಾಜೂಕಿದ್ದರೆ ಇನ್ನೂ ಹೆಚ್ಚು. ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಹಳೆಯ ಅಡುಗೆಗೆ ಒಗ್ಗಿಕೊಂಡಿರುತ್ತವೆ, ರಾತ್ರೋರಾತ್ರಿ ಮೆನು ಬದಲಾದರೆ ಅವು ಮುಷ್ಕರ ಹೂಡುತ್ತವೆ. ಯಾವುದೇ ಹಂತದಲ್ಲಿ ಪಟ್ಟಿಯ ಅಂಕ ಏರಿದರೆ ಒಂದು ಮೆಟ್ಟಿಲು ಹಿಂದೆ ಸರಿದು ನಿಲ್ಲತಕ್ಕದ್ದು.

ಆಕ್ಷೇಪ, ಪೆಟ್ ಶಾಪಿನಿಂದ: ‘ಅದು ಸೆಟ್ ಆಗ್ಲಿಲ್ಲ ಅಂದ್ರೆ ಇನ್ನೊಂದ್ ಟ್ರೈ ಮಾಡಿ ಸರ್.’ ಸಮಾಧಾನ: ಒಂದೇ ವಾರದಲ್ಲಿ ಮೂರು ಚೀಲ ಬದಲಿಸಿದವರಿಗೆ ಯಾವ ಚೀಲ ಅಪರಾಧಿ ಎಂಬುದು ಬ್ರಹ್ಮನಿಗೂ ತಿಳಿಯದು. ಆಕ್ಷೇಪ, ಮೇಷ್ಟ್ರಿಂದ: ‘ಕಾಲು ಪಾಲು ಅಂತ ನಾಯಿಗೆ ಹೇಗ್ರೀ ಗೊತ್ತಾಗ್ಬೇಕು?’ ಇದು ಪ್ರಬಲ ಆಕ್ಷೇಪ. ಗುಂಡ ತಟ್ಟೆಯಲ್ಲಿ ಮೂಗಿಟ್ಟು, ಹೊಸ ದುಂಡು ಕಾಳನ್ನು ಒಂದೊಂದಾಗಿ ಆರಿಸಿ ತಿಂದು, ಹಳೆಯ ತ್ರಿಕೋನಗಳನ್ನು ತಟ್ಟೆಯ ಸುತ್ತ ಸಾಲಾಗಿ ಉಗುಳುತ್ತಿದ್ದ. ಅವನ ಪ್ರಕಾರ ಮೊದಲ ದಿನವೇ ಹೊಸತು ನೂರಕ್ಕೆ ನೂರು. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಎರಡನ್ನೂ ಮೆತ್ತಗೆ ಮಾಡಿದ ಮೇಲೆ ಈ ಪಾಠಭೇದ ನಿಂತಿತು. ನೆನೆದದ್ದು ಉಳಿದರೆ ಎತ್ತಿ ಚೆಲ್ಲಬೇಕು, ಮಧ್ಯಾಹ್ನದ ಸೆಕೆಯಲ್ಲಿ ಅದು ಬೇಗ ಹಳಸುತ್ತದೆ.

ಸಮಪಾಲಿನ ಹಂತದವರೆಗೆ ಆಕರಗಳು 3ರ ಸುತ್ತಮುತ್ತ ಸ್ಥಿರವಾಗಿದ್ದವು. ಮುಕ್ಕಾಲಿನ ಮರುದಿನ ಬೆಳಿಗ್ಗೆ ದಿಢೀರನೆ 6. ಕಾಳಿನಲ್ಲಿ ದೋಷವಿಲ್ಲ, ಅಳತೆ ಸರಿ, ನೀರು ಕಾಯಿಸಿ ಆರಿಸಿದ್ದು. ಅಡುಗೆಮನೆಯ ನೆಲದಲ್ಲಿ ನೆಕ್ಕಿದ ಹೊಳಪು, ಗುಂಡನ ಮೀಸೆಯ ತುದಿಯಲ್ಲಿ ಬೆಳ್ಳಗಿನ ಜಿಡ್ಡು, ಫ್ರಿಜ್ಜಿನ ಮುಂದೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತ ಅಜ್ಜಿ. ಸಾಕ್ಷಿಯ ಹೇಳಿಕೆಯನ್ನು ಸಂಶೋಧನಾ ಶಿಸ್ತಿಗನುಗುಣವಾಗಿ ಇದ್ದದ್ದು ಇದ್ದಂತೆಯೇ ದಾಖಲಿಸಲಾಗಿದೆ:

‘ಡಾಕ್ಟ್ರು ಹಾಲು ಬೇಡ ಅಂದಿದ್ರು, ಹಾಲು ಒಂದು ತೊಟ್ಟೂ ಹಾಕಿಲ್ಲಪ್ಪ. ಬರೀ ಕೆನೆ ಕಣೋ.’