ಚಿಗರಿಗೆ ಅಕ್ಷರ ಕಲಿಸಹೊರಟ ಸಾವುಕಾರ್ರು

ದಢೇಸುಗೂರಿನಲ್ಲಿ ಹೊಳೆ ದಾಟಿ ಸಿಂಧನೂರು, ಮಸ್ಕಿ, ಲಿಂಗಸುಗೂರಿನತ್ತ ಹೊರಟರೆ ರಸ್ತೆ ಬದಿಯ ಯಾವ ಚಾದಂಗಡಿಯಲ್ಲಾದರೂ ಒಬ್ಬ ಅಡವಿ ಸಾವುಕಾರ್ರು ಸಿಕ್ಕೇ ಸಿಗುತ್ತಾರೆ. ಅಡವಿ ಅವರದಲ್ಲ, ಸಾವುಕಾರಿಕೆಯೂ ಅಷ್ಟಕ್ಕಷ್ಟೇ. ಆದರೆ ಚಿಗರಿ (ಅಂದರೆ ಕೃಷ್ಣಮೃಗ), ತೋಳ, ಹಂದಿ, ಮೊಸಳೆಯ ಮಾತು ಬಂತೆಂದರೆ ಒಗ್ಗರಣಿ ತಟ್ಟೆ ಪಕ್ಕಕ್ಕೆ ಸರಿಸಿ, ಅರ್ಧ ಕಚ್ಚಿದ ಮಿರ್ಚಿಯನ್ನು ಮಾಸ್ತರರ ಬೆತ್ತದಂತೆ ಹಿಡಿದು ಪಾಠ ಶುರು ಮಾಡುತ್ತಾರೆ. ಜಿಂಕೆಯ ಚಿತ್ರವಿರುವ ರಸ್ತೆ ಫಲಕದ ಬಗ್ಗೆ ಅವರ ತಕರಾರು ಹಳೆಯದು: ‘ಇಷ್ಟು ಲಾರಿ ಓಡಾಡೋ ಹೈವೇಕ ಯಾಕ ಹಾಕ್ಯಾರ್ರೀ ಇದನ್ನ? ಹಳ್ಳದ ಕಡಿ ಹಾಕಿದ್ರ ಅವು ಅಲ್ಲೇ ದಾಟ್ತಿದ್ದಿಲ್ಲೇನು?’ ಈ ವಿಷಯದಲ್ಲಿ ಅವರು ಒಬ್ಬಂಟಿಗರೇನಲ್ಲ. 2012ರಲ್ಲಿ ಅಮೆರಿಕದ ಉತ್ತರ ಡಕೋಟ ರಾಜ್ಯದ ಫಾರ್ಗೊದಲ್ಲಿ ಮಹಿಳೆಯೊಬ್ಬರು ರೇಡಿಯೊಗೆ ಫೋನ್ ಮಾಡಿ ಇದನ್ನೇ ಕೇಳಿದ್ದರು. ಆಕೆ ಆಮೇಲೆ ಇನ್ನೊಮ್ಮೆ ಫೋನ್ ಮಾಡಿ, ಫಲಕ ಇರುವುದು ಗಾಡಿ ಓಡಿಸುವವರಿಗೆ ಎಂದು ಒಪ್ಪಿಕೊಂಡರು. ನಮ್ಮ ಸಾವುಕಾರ್ರದು ಒಂದೇ ಮಾತಿನ ವಂಶ.

ಇದನ್ನು ದಡ್ಡತನವೆಂದು ನಕ್ಕು ಮುಂದೆ ಹೋದರೆ ಅವರಿಗೂ ಅನ್ಯಾಯ, ನಮಗೂ ನಷ್ಟ. ಅವರ ತಪ್ಪುಗಳೆಲ್ಲ ಒಂದೇ ಬೇರಿನಿಂದ ಹೊರಟಿವೆ. ಕಾಡುಪ್ರಾಣಿಯನ್ನು ಅವರು ಜವಾಬ್ದಾರಿಯುತ ನಾಗರಿಕ ಎಂದು ನಂಬಿದ್ದಾರೆ. ಅದು ಫಲಕ ಓದಬೇಕು, ಹೊಲದ ಬದು ಗುರುತಿಸಬೇಕು, ಹೊತ್ತಿಗೆ ಸರಿಯಾಗಿ ಮಲಗಬೇಕು. ಇವರ ಚಾದಂಗಡಿಯ ಮುಂದೆ ಹಾದುಹೋಗುವ 150ಎ ಹೆದ್ದಾರಿ ಹೋಗಿ ಮುಟ್ಟುವುದು ಚಾಮರಾಜನಗರಕ್ಕೆ. ಅದೇ ಜಿಲ್ಲೆಯ ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ನಿಷೇಧವಿದೆ; 2010ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸಿಗೂ ಬೆರಳೆಣಿಕೆಯ ಬಸ್ಸುಗಳಿಗೂ ಮಾತ್ರ ವಿನಾಯಿತಿ. ಸಾವುಕಾರ್ರಿಗೆ ಇದು ತಲೆಕೆಳಗಾದ ನ್ಯಾಯ. ಲಾರಿಯವರು ದುಡಿಯುವ ಹೊತ್ತಿನಲ್ಲಿ ಆನೆಗೆ ತಿರುಗಾಟವೇಕೆ ಎಂದು ಕೇಳುತ್ತಾರೆ. ಇಷ್ಟು ಶಿಸ್ತು ಬಯಸುವವರ ಹೆಲ್ಮೆಟ್ ಇರುವುದು ಬೈಕಿನ ಕನ್ನಡಿಗೆ ನೇತುಬಿದ್ದು. ಬೈಕು ಬಂದದ್ದು ರಾಂಗ್ ಸೈಡಿನಲ್ಲಿ, ಶಾಲೆಯ ಮುಂದಿನ ‘ನಿಧಾನವಾಗಿ ಚಲಿಸಿ’ ಫಲಕದ ಪಕ್ಕದಲ್ಲೇ ಜೋರಾಗಿ. ತಾವು ಓದಿಯೂ ಪಾಲಿಸದ ಫಲಕವನ್ನು ಓದು ಬಾರದ ಚಿಗರಿ ಪಾಲಿಸಲಿ ಎಂಬುದು ಅವರ ನಿಲುವು.

‘ಫಾರೆಸ್ಟಿನೋರ ತಂದು ಬಿಟ್ಟಾರ’ ಎಂಬ ಅವರ ಪ್ರಸಿದ್ಧ ಸಿದ್ಧಾಂತವೂ ಇಲ್ಲಿಂದಲೇ ಹುಟ್ಟಿದ್ದು. ನಾಗರಿಕನೆಂದ ಮೇಲೆ ಅವನಿಗೊಂದು ವಿಳಾಸ ಇರಬೇಕು. ಅಡವಿಯೇ ವಿಳಾಸವಾದ ಪ್ರಾಣಿ ಹೊಲದಲ್ಲಿ ಕಂಡರೆ ಯಾರೋ ಲಾರಿಯಲ್ಲಿ ತಂದು ಇಳಿಸಿರಲೇಬೇಕು. ಆದರೆ ಚಿಗರಿ ದಟ್ಟ ಕಾಡಿನ ಪ್ರಾಣಿಯೇ ಅಲ್ಲ, ಅದಕ್ಕೆ ಬೇಕಾದದ್ದು ಹುಲ್ಲಿನ ಬಯಲು. ತೋಳವೂ ಬಯಲಿನದೇ, ಪಕ್ಕದ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಅದಕ್ಕೆಂದೇ ಧಾಮ ಮಾಡಿರುವುದು ಅದಕ್ಕಾಗಿಯೇ. ಮೊಸಳೆಯಂತೂ ಕೃಷ್ಣೆ, ತುಂಗಭದ್ರೆಯರ ಮೂಲನಿವಾಸಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿದ ಮೇಲೆ ಸಿಂಧನೂರು ಸೀಮೆಯ ಜೋಳದ ಎರೆಹೊಲಗಳು ಭತ್ತದ ಗದ್ದೆಗಳಾದವು, ರೈಸ್ ಮಿಲ್ಲು ಬಂದವು, ಅವುಗಳ ಲಾರಿಗಾಗಿ ರಸ್ತೆಗಳು ಅಗಲವಾದವು. ಕೆಸರುಗದ್ದೆಯಲ್ಲಿ ಓಡಲಾಗದ ಚಿಗರಿಗೆ ಉಳಿದದ್ದು ಬೀಳು, ಗುಡ್ಡದಂಚು, ಒಣಬೇಸಾಯದ ಹೊಲ; ಒಂದರಿಂದ ಇನ್ನೊಂದಕ್ಕೆ ಹೋಗಲು ನಡುವೆ ಡಾಂಬರು. ಹೊಸದಾಗಿ ಬಂದವರು ಯಾರು ಎಂಬ ಪ್ರಶ್ನೆ ಎತ್ತಿದರೆ ಸಾವುಕಾರ್ರು ಇನ್ನೊಂದು ಚಾ ಹೇಳಿ ಮಾತು ಬದಲಿಸುತ್ತಾರೆ.

ಬೆಳೆ ಕಳೆದುಕೊಂಡವರ ಸಿಟ್ಟು ಸುಳ್ಳೇ ಎಂದು ಅವರು ಕೇಳುವ ಪ್ರಶ್ನೆಗೆ ಮಾತ್ರ ತಲೆಬಾಗಲೇಬೇಕು. ಮೊಳಕೆಯೊಡೆದ ಕಡಲೆಗೋ ಜೋಳಕ್ಕೋ ಚಿಗರಿ ಹಿಂಡು ಬಿದ್ದರೆ ಒಣಬೇಸಾಯದವನ ವರ್ಷದ ಲೆಕ್ಕವೇ ಕೆಡುತ್ತದೆ. ಪರಿಹಾರದ ಅರ್ಜಿ ಹಿಡಿದು ಅಲೆಯುವ ಕಷ್ಟ ಚಾದಂಗಡಿಯ ಹಾಸ್ಯಕ್ಕೆ ನಿಲುಕುವಂಥದ್ದಲ್ಲ. ಆದರೆ ಕಾನೂನು ರೈತನಿಗೆ ಕಿವುಡು ಎಂಬುದು ಪೂರ್ತಿ ನಿಜವಲ್ಲ. 1972ರ ವನ್ಯಜೀವಿ ಕಾಯ್ದೆಯ 11ನೇ ಕಲಮು, ಎರಡನೇ ಪಟ್ಟಿಯ ಪ್ರಾಣಿ ನಿಂತ ಬೆಳೆಗೆ ಅಪಾಯ ತಂದರೆ ಅದರ ಬೇಟೆಗೆ ಲಿಖಿತ ಅನುಮತಿಯ ದಾರಿ ಇಟ್ಟಿದೆ. ಕಾಡುಹಂದಿ ಆ ಪಟ್ಟಿಯಲ್ಲಿದೆ. ಚಿಗರಿ ಮೊದಲ ಪಟ್ಟಿಯದು, ಅದಕ್ಕೆ ಬೆಳೆಯ ನೆಪ ನಡೆಯದು. ಈ ವ್ಯತ್ಯಾಸ ಸರಿಯೇ ಎಂದು ವಾದಿಸಬಹುದು, ವಾದಿಸಬೇಕು. ಸಾವುಕಾರ್ರು ವಾದಿಸುವುದಿಲ್ಲ, ಅವರಿಗೆ ಕಾನೂನೆಂದರೆ ಸಲ್ಮಾನ್ ಖಾನ್ ಕೇಸು. 1998ರ ಕೃಷ್ಣಮೃಗಗಳ ಬೇಟೆಗೆ 2018ರಲ್ಲಿ ಜೋಧಪುರದ ಕೋರ್ಟು ಆ ನಟನಿಗೆ ಐದು ವರ್ಷದ ಶಿಕ್ಷೆ ಕೊಟ್ಟಿತು. ಇದರಿಂದ ಅವರು ತೆಗೆದ ತಾತ್ಪರ್ಯ, ಕಾಯ್ದೆ ಇರುವುದು ಸಿನಿಮಾದವರಿಗೆ ಎಂದು.

ಹಾಗಾಗಿ ಬೇಟೆಯ ವಿಷಯದಲ್ಲಿ ಅವರ ಆತ್ಮಸಾಕ್ಷಿ ಸದಾ ನಿರ್ಮಲ. ‘ಬಂದೂಕೇ ಇಲ್ಲಂದ್ಮ್ಯಾಲ ಬ್ಯಾಟಿ ಹೆಂಗಾತು?’ ಕಾಯ್ದೆಯ ಲೆಕ್ಕದಲ್ಲಿ ಉರುಳು ಹಾಕುವುದೂ ಬೇಟೆ, ಅಟ್ಟಿ ಹಿಡಿಯುವುದೂ ಬೇಟೆ, ಗೂಡಿನ ಮೊಟ್ಟೆ ಎತ್ತುವುದೂ ಬೇಟೆಯೇ. ಲಾರಿಗೆ ಸಿಕ್ಕು ಸತ್ತ ಚಿಗರಿಯನ್ನು ‘ದೇವರು ಕೊಟ್ಟಿದ್ದು’ ಎಂದು ಮನೆಗೆ ಒಯ್ಯುವಂತೆಯೂ ಇಲ್ಲ. 39ನೇ ಕಲಮಿನ ಪ್ರಕಾರ ಸತ್ತು ಸಿಕ್ಕಿದ್ದೂ ಸರ್ಕಾರದ ಸ್ವತ್ತು. ಕಾನೂನು ಇಷ್ಟು ಬಿಗಿಯೇಕೆ ಎಂದರೆ, ಸತ್ತದ್ದು ತಿನ್ನಬಹುದೆಂದಾದರೆ ರಸ್ತೆಯ ಮೇಲೆ ಸಾಯುವವುಗಳ ಸಂಖ್ಯೆ ತಾನಾಗಿ ಏರುತ್ತದೆ. ಇಲ್ಲಿ ಸಾವುಕಾರ್ರು ಮಸ್ಕಿಯ ಅಶೋಕನನ್ನು ಎಳೆದು ತರುತ್ತಾರೆ: ನಮ್ಮ ಊರಿನ ಕಲ್ಲಿನ ಮೇಲೇ ಆತ ಬೇಟೆ ನಿಷೇಧಿಸಿದ್ದಾನೆ, ಅಹಿಂಸೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಎಂದು. 1915ರಲ್ಲಿ ಪತ್ತೆಯಾದ ಆ ಕಲ್ಲಿನಲ್ಲಿ ಅಶೋಕನ ಹೆಸರಿದೆ, ಬೇಟೆಯ ಮಾತಿಲ್ಲ. ಅಡುಗೆಮನೆಯ ಲೆಕ್ಕವನ್ನು ದಿನಕ್ಕೆ ಎರಡು ನವಿಲು, ಒಂದು ಜಿಂಕೆಗೆ ಇಳಿಸಿದೆ, ಆ ಜಿಂಕೆಯೂ ದಿನಾ ಇಲ್ಲ ಎಂದು ಅವನು ಬರೆಸಿದ್ದು ಬೇರೆ ಶಾಸನದಲ್ಲಿ. ಅದು ಆಂಧ್ರದ ಎರ್ರಗುಡಿಯಲ್ಲಿದೆ. ಚಕ್ರವರ್ತಿ ತನ್ನ ಒಲೆಯಿಂದ ಶುರುಮಾಡಿದ, ಇವರು ಚಿಗರಿಯ ನಡತೆಯಿಂದ.

ಪ್ರಾಣಿಯನ್ನು ತಿದ್ದಲಾಗದು, ರಸ್ತೆಯನ್ನು ತಿದ್ದಬಹುದು ಎಂಬುದಕ್ಕೆ ಪುರಾವೆಯೂ ಉಂಟು. ಮಹಾರಾಷ್ಟ್ರದ ಪೆಂಚ್ ಕಾಡಿನಲ್ಲಿ 44ನೇ ಹೆದ್ದಾರಿಯನ್ನೇ ಎತ್ತರಿಸಿ ಕೆಳಗೆ ಒಂಬತ್ತು ಕಡೆ ದಾರಿ ಬಿಟ್ಟಿದ್ದಾರೆ. ಜಿಂಕೆ, ಹಂದಿ, ಹುಲಿಗಳು ಅಲ್ಲಿ ಹಾದು ಹೋಗುವುದು ಕ್ಯಾಮೆರಾದಲ್ಲಿ ಸೆರೆಯಾಗಿದೆ. ಒಂದಕ್ಕೂ ಯಾರೂ ಓದು ಕಲಿಸಿರಲಿಲ್ಲ. ಇಂಥದ್ದು ದುಬಾರಿ, ಬಯಲುಸೀಮೆಯ ಉದ್ದಕ್ಕೂ ಕಟ್ಟಲಾಗದು ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಹಿಂಡು ದಾಟುವ ಜಾಗದಲ್ಲಿ ಹಂಪು ಹಾಕಿ ರಾತ್ರಿ ವೇಗ ತಗ್ಗಿಸುವುದಕ್ಕೆ ಅಷ್ಟು ಖರ್ಚಿಲ್ಲ. ಸಾವುಕಾರ್ರು ಹಂಪಿಗೆ ಒಪ್ಪಲಿಲ್ಲ, ಬೈಕಿನ ಶಾಕ್ ಹೋಗುತ್ತದಂತೆ. ಪೆಂಚ್‌ನ ಕೆಳದಾರಿಗೆ ಮಾತ್ರ ತಕ್ಷಣ ತಲೆದೂಗಿದರು. ಸುಗ್ಗಿಯಲ್ಲಿ ಹೆದ್ದಾರಿಯ ಅರ್ಧಕ್ಕೆ ಭತ್ತ ಹರವಿ ಕಲ್ಲಿಟ್ಟು ಕಾಯುವ ಸೀಮೆಯವರಲ್ಲವೇ? ‘ಅಡಿಗೆ ನೆರಳಿರ್ತೈತಿ, ಮಳಿ ಬಂದ್ರೂ ಚಿಂತಿಲ್ಲ. ನೆಲಕ್ಕ ಸಿಮೆಂಟ್ ಹಾಕಿಸ್ತಾರೇನು?’