ಟರ್ಬೊರಾಯರ ಪ್ಲಗ್ ಪುರಾಣ

ಚಾಮರಾಜಪೇಟೆಯ ಒಂದೊಂದು ಮೇನ್ ರೋಡಿಗೂ ಒಬ್ಬೊಬ್ಬ ಟರ್ಬೊರಾಯರು ಇದ್ದೇ ಇರುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇರುತ್ತದೆ. ಪೆನ್ಶನ್ ಪುಸ್ತಕ ಬಿಟ್ಟರೆ ಅದಕ್ಕೆ ಬೇರೆಲ್ಲೂ ಕೆಲಸವಿಲ್ಲ. ಬ್ಯಾಂಕಿನಿಂದ ನಿವೃತ್ತಿ, ಮಗ ಪರದೇಶದಲ್ಲಿ, ಮಗ ಬಿಟ್ಟುಹೋದ ಕಾರು ಮನೆ ಮುಂದೆ. ಕಾರು ಅಂದರೆ ಅಂತಿಂಥದ್ದಲ್ಲ, 2013ರಲ್ಲಿ ನಮ್ಮ ದೇಶಕ್ಕೆ ಬಂದ ಪೋಲೊ ಜಿಟಿ ಟಿಎಸ್‌ಐ. 1.2 ಲೀಟರಿನ ಪುಟ್ಟ ಎಂಜಿನ್ನು, ಟರ್ಬೊ ದಯೆಯಿಂದ 105 ಕುದುರೆಗಳ ಬಲ.

ಆ ಕುದುರೆಗಳು ಎಲ್ಲಿ ಓಡುತ್ತವೆ ಎಂದು ಮಾತ್ರ ಕೇಳಬಾರದು. ಬೆಳಿಗ್ಗೆ ಕೆ.ಆರ್. ಮಾರ್ಕೆಟ್ಟಿಗೆ ಸೊಪ್ಪು, ಬಾಳೆಲೆ, ಸೇವಂತಿಗೆಗೆ. ಸಂಜೆ ಗಾಂಧಿ ಬಜಾರಿಗೆ ಕಾಫಿಪುಡಿಗೆ. ಮಾರ್ಕೆಟ್ ಸಿಗ್ನಲ್ಲಿನಲ್ಲಿ ಕೈಗಾಡಿಯವನು ಇವರನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕು ಹೋಗುತ್ತಾನೆ.

ಹಾಗೆಂದು ರಾಯರ ಜ್ಞಾನವನ್ನು ಲಘುವಾಗಿ ಎಣಿಸಬೇಡಿ. “ಸೂಪರ್‌ಚಾರ್ಜರ್ ಎಂಜಿನ್ನಿನ ಬೆಲ್ಟಿನಿಂದ ತಿರುಗುತ್ತೆ, ಟರ್ಬೊ ಹೊಗೆಯ ರಭಸದಿಂದ ತಿರುಗುತ್ತೆ. ಎರಡೂ ಮಾಡೋ ಕೆಲಸ ಒಂದೇ: ಸಿಲಿಂಡರಿಗೆ ಗಾಳಿ ತುರುಕೋದು” ಎಂದು ಶುರುವಾದರೆ ಮುಗಿಯಿತು. ಗಾಳಿ ಒತ್ತಾದಷ್ಟೂ ಶಾಖ ಹೆಚ್ಚು. ಆ ಶಾಖವನ್ನು ಬೇಗ ದಾಟಿಸುವ ‘ಕೋಲ್ಡ್’ ಪ್ಲಗ್ ಬೇಕು. ಇಲ್ಲದಿದ್ದರೆ ಪ್ಲಗ್ಗಿನ ಮೂತಿ 850 ಡಿಗ್ರಿ ಸೆಲ್ಸಿಯಸ್ ಮೀರಿ ಕೆಂಡವಾಗಿ, ಕಿಡಿ ಹಾರುವ ಮುಂಚೆಯೇ ಪೆಟ್ರೋಲು ಹೊತ್ತಿಕೊಂಡು, ಪಿಸ್ಟನ್ನೇ ತೂತಾಗಬಹುದು. ಒತ್ತಿದ ಗಾಳಿಯಲ್ಲಿ ಕಿಡಿ ಹಾರುವುದೂ ಕಷ್ಟ. ಆದ್ದರಿಂದ 1 ಮಿ.ಮೀ. ಆಸುಪಾಸಿನ ಗ್ಯಾಪನ್ನು 0.7ಕ್ಕೆ ಇಳಿಸಬೇಕು. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಇದನ್ನೆಲ್ಲ ಹೂವಿನ ಅಂಗಡಿಯ ಮುಂದೆ ನಿಂತು ಹೇಳುತ್ತಾರಲ್ಲ, ಅದೇ ತೊಂದರೆ. ಹೂವಿನಮ್ಮ ಮೊಣಕೈಗೆ ಮಲ್ಲಿಗೆ ಎಳೆದು ಹಿಡಿದು, “ನಿಮ್ಮ ಮಿಲಿಮೀಟರು ನಂಗ್ಯಾಕೆ ಸ್ವಾಮಿ? ಮೊಳ ಎಷ್ಟು ಬೇಕು ಹೇಳಿ” ಎನ್ನುತ್ತಾಳೆ.

ಮಾರ್ಕೆಟ್ಟಿನಿಂದ ಟೌನ್‌ಹಾಲ್ ದಾಟಿದರೆ ಜೆ.ಸಿ. ರಸ್ತೆ, ಬಿಡಿಭಾಗಗಳ ಸಾಮ್ರಾಜ್ಯ. ಈಚೆಗೆ ರಾಯರು ಅಲ್ಲಿಗೆ ಆಟೋದಲ್ಲಿ ಬಂದಿಳಿದರು. ಕಾರು ಮಿಸ್ಸಿಂಗ್ ಹೊಡೆದು ಮನೆಯಲ್ಲೇ ನಿಂತಿತ್ತು. ಜೇಬಿನಿಂದ ಮೈಸೂರ್ ಸ್ಯಾಂಡಲ್ ಸೋಪಿನ ಖಾಲಿ ಡಬ್ಬಿ ಹೊರಬಂತು. ಒಳಗೆ ಹತ್ತಿಯಲ್ಲಿ ಸುತ್ತಿದ ನಾಲ್ಕು ಪ್ಲಗ್.

“ಏನಪ್ಪಾ, ಹೋದ ಸಲ ಎರಡು ಸ್ಟೆಪ್ ಕೋಲ್ಡ್ ಹಾಕಿಸಿದ್ದೆ. ಸಾಲ್ತಿಲ್ಲ. ಇನ್ನೊಂದು ಸ್ಟೆಪ್ ಇಳಿಸಿ ಕೊಡು. ಇರಿಡಿಯಮ್ಮೇ ಆಗ್ಬೇಕು.”

“ನಂಬರ್ ಹೇಳಿ ಸಾರ್.”

“ಎನ್‌ಜಿಕೆ ಆದ್ರೆ ನಂಬರ್ ಏರಿದಷ್ಟೂ ಕೋಲ್ಡು. ಬಾಷ್ ಆದ್ರೆ ಉಲ್ಟಾ, ನಂಬರ್ ಇಳಿದಷ್ಟೂ ಕೋಲ್ಡು. ಅಷ್ಟೂ ಗೊತ್ತಿಲ್ವೇನಯ್ಯಾ?”

ಗಲ್ಲಾದ ಹುಡುಗ ಮಾತಾಡಲಿಲ್ಲ. ಒಂದು ಪ್ಲಗ್ ಎತ್ತಿ ಬೆಳಕಿಗೆ ಹಿಡಿದ. ಸುಟ್ಟ ಪ್ಲಗ್ ಎಂದರೆ ಗಾಡಿ ಓಡಿಸುವವನ ಜಾತಕ. ಪಿಂಗಾಣಿ ತಿಳಿಗಂದಾಗಿದ್ದರೆ ಸುಖ ಸಂಸಾರ. ಬೆಳ್ಳಗೆ ಗುಳ್ಳೆ ಎದ್ದಿದ್ದರೆ ಶಾಖದ ಕಾಟ. ಒಣ ಮಸಿ ಹಿಡಿದಿದ್ದರೆ ಆಮೆಯ ನಡಿಗೆ. ರಾಯರ ಪ್ಲಗ್ಗು ಕಾಡಿಗೆಯ ಭರಣಿಯಲ್ಲಿ ಅದ್ದಿ ತೆಗೆದಂತಿತ್ತು.

“ಗಾಡಿ ಊರಾಚೆ ಹೋಗಿ ಎಷ್ಟು ದಿನ ಆಯ್ತು ಸಾರ್?”

ರಾಯರು ಕೆಮ್ಮಿದರು.

“ಪ್ಲಗ್ 450 ಡಿಗ್ರಿ ಆದ್ರೂ ಕಾದ್ರೆ ತನ್ನ ಕಾರ್ಬನ್ ತಾನೇ ಸುಟ್ಕೊಳತ್ತೆ. ನೀವು ಮಾರ್ಕೆಟ್ ಸಿಗ್ನಲ್ಲಲ್ಲಿ ನಿಂತ್ಕೊಂಡು ಕೋಲ್ಡ್ ಪ್ಲಗ್ ಹಾಕಿದ್ರೆ ಅದು ಯಾವಾಗ ಕಾಯ್ಬೇಕು? ಟರ್ಬೊ ಇದೆ ಅಂತ ಕಂಪನಿಯವ್ರಿಗೆ ಗೊತ್ತಿಲ್ವಾ? ಅವ್ರು ಲೆಕ್ಕ ಹಾಕೇ ನಂಬರ್ ಕೊಟ್ಟಿರ್ತಾರೆ.” ಮೂತಿಯನ್ನು ಇನ್ನಷ್ಟು ಹತ್ತಿರಕ್ಕೆ ಹಿಡಿದ. “ಇದಕ್ಕೆ ಎಮರಿ ಪೇಪರ್ ಹಾಕಿ ಉಜ್ಜಿದ್ದೀರಾ?”

ಉಜ್ಜದೆ ಬಿಟ್ಟಾರೆಯೆ? 1951ರಲ್ಲಿ ಹುಟ್ಟಿದ ಆಡುಗೋಡಿಯ ಮೈಕೋ ಕಂಪನಿಯ ಪ್ಲಗ್ಗು, ಬಜಾಜ್ ಸ್ಕೂಟರು, ಡಿಕ್ಕಿಯಲ್ಲೊಂದು ಎಮರಿ ಚೂರು: ರಾಯರ ತಲೆಮಾರು ಬೆಳೆದದ್ದೇ ಹಾಗೆ. ಮೈಕೋ 2008ರಲ್ಲಿ ಬಾಷ್ ಆಯಿತು. ರಾಯರ ಕೈ ಮಾತ್ರ ಬದಲಾಗಲಿಲ್ಲ. ಇರಿಡಿಯಂ ಪ್ಲಗ್ಗಿನ ತುದಿ ಒಂದು ಮಿಲಿಮೀಟರೂ ದಪ್ಪವಿಲ್ಲದ ಎಳೆ. 2400 ಡಿಗ್ರಿಯವರೆಗೂ ಕರಗದ ಆ ಲೋಹವೂ ರಾಯರ ಹೆಬ್ಬೆರಳಿನ ಮುಂದೆ ಸೋತು ಮುರಿದಿತ್ತು.

ಕೊನೆಗೆ ಹುಡುಗ ಕಂಪನಿ ನಂಬರಿನ ನಾಲ್ಕು ಪ್ಲಗ್ ಗಲ್ಲಾದ ಮೇಲಿಟ್ಟ. ರಾಯರು ದುಡ್ಡು ಕೊಟ್ಟು, “ನಾನೂ ಇದನ್ನೇ ಹೇಳೋಣ ಅಂತಿದ್ದೆ” ಎಂದು ಆಟೋ ಹತ್ತಿದರು. ದಾರಿಯಲ್ಲಿ ಆಟೋ ಡ್ರೈವರಿಗೆ ಕೋಲ್ಡ್ ಪ್ಲಗ್ಗಿನ ಪಾಠ ಆಯಿತು. ಮನೆಯಲ್ಲಿ ರಾಯರ ಹೆಂಡತಿ, “ಪ್ಲಗ್ ತಂದ್ರಿ ಸರಿ, ಬಾಳೆಲೆ ಎಲ್ರೀ?” ಎಂದರು.

ಓದುಗರಿಗೊಂದು ಮಾತು: ಎಂಜಿನ್ನಿಗೆ ಕೈ ಹಾಕಿಲ್ಲವಾದರೆ ಪ್ಲಗ್ಗಿನ ನಂಬರಿಗೂ ಕೈ ಹಾಕಬೇಡಿ, ಗಾಡಿಯ ಪುಸ್ತಕದಲ್ಲಿರುವುದೇ ಸರಿ. ಟರ್ಬೊ ತುರುಕುವ ಗಾಳಿಯ ಒತ್ತಡ ಏರಿಸಿಕೊಂಡವರು ಟ್ಯೂನ್ ಮಾಡಿದವರನ್ನು ಕೇಳಿ ಒಂದು ಸ್ಟೆಪ್ ಕೋಲ್ಡಿಗೆ ಹೋಗಲಿ. ಇಷ್ಟಾದ ಮೇಲೂ ಟರ್ಬೊರಾಯರನ್ನೇ ಕೇಳಬೇಕು ಎನಿಸಿದರೆ, ಒಲೆಯ ಮೇಲೆ ಹಾಲಿಟ್ಟು ಹೋಗಬೇಡಿ.