ಕ್ಷೌರಕ್ಕೂ ಒಂದು ಲೆಕ್ಕ ಬೇಡವೇ, ಸ್ವಾಮಿ?

ಅಮೆರಿಕದ ಡಲ್ಲಾಸ್ ನಗರದ ಹೊರವಲಯದಲ್ಲಿ ಕನ್ನಡ ಸಾಫ್ಟ್‌ವೇರ್ ದಂಪತಿಯ ಮನೆ, ಮುಂದೆ ಲಾನು. ಯಜಮಾನರು ಮೋವರ್‌ಗೆ ಪೆಟ್ರೋಲ್ ತರಲು ಹೋಗಿದ್ದ ಹೊತ್ತು ನೋಡಿ ಹುಲ್ಲನ್ನು ಮಾತಾಡಿಸಿದೆವು.

ನಾವು: ತಮ್ಮ ಪರಿಚಯ?

ಹುಲ್ಲು: ಇಲ್ಲಿ ಬರ್ಮುಡಾ ಗ್ರಾಸ್, ಊರಲ್ಲಿ ಗರಿಕೆ. ಗಣಪನ ತಲೆಯೇರುವವಳು ನಾನು. ಆದರೆ ಪಕ್ಕದವರ ಸೇಂಟ್ ಆಗಸ್ಟೀನ್ ಹುಲ್ಲಿನೊಳಗೆ ಒಂದು ಬಳ್ಳಿ ಚಾಚಿದೆನೋ, ಕಳೆ ಅಂತ ಔಷಧಿ ಹೊಡೀತಾರೆ.

ನಾವು: ಯಜಮಾನರ ಮೇಲೇನೋ ದೂರಿದೆಯಂತೆ?

ಹುಲ್ಲು: ಒಂದೇ? ಎರಡು ವಾರ ಈ ಕಡೆ ತಲೆ ಹಾಕೋದಿಲ್ಲ. ನಾನು ಐದು ಇಂಚು ಬೆಳೀತೀನಿ. ಬಡಾವಣೆಯ ಸಂಘದಿಂದ ನೋಟಿಸ್ ಬಂತೋ, ಆವೇಶ ಬಂದವರ ಹಾಗೆ ಒಂದೇ ಇಂಚಿಗೆ ಬೋಳಿಸ್ತಾರೆ. ಹಸಿರೆಲ್ಲ ಮೇಲೆ ಇರೋದು, ಸ್ವಾಮಿ. ಕೆಳಗಿರೋದು ಬರೀ ಕಂದು ಕಡ್ಡಿ. ಎಲೆಯೇ ಹೋದರೆ ಉಣ್ಣೋದು ಏನನ್ನ? ಬೇರಿಗೂ ಉಪವಾಸ. ಬಿಸಿಲು ನೆಲ ಮುಟ್ಟಿದ ಕೂಡಲೇ ಕಳೆ ಬೀಜಗಳಿಗೆ ಹಬ್ಬ. ಆಮೇಲೆ ಇದೇ ಮಹಾನುಭಾವರು ಗೊಬ್ಬರದ ಚೀಲ ಹೊತ್ತು ತರ್ತಾರೆ.

ನಾವು: ಹಾಗಾದರೆ ಸರಿಯಾದ ಲೆಕ್ಕ?

ಹುಲ್ಲು: ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೀಬಾರದು. ನನ್ನನ್ನು ಎರಡು ಇಂಚಿಗೆ ಇಡಬೇಕೆಂದರೆ ಮೂರು ಇಂಚು ಆದಾಗಲೇ ಕತ್ತರಿಸಿ. ಬೇಸಿಗೆಯಲ್ಲಿ ನೀರು, ಗೊಬ್ಬರ ಎರಡೂ ಸಿಕ್ಕರೆ ವಾರಕ್ಕೊಮ್ಮೆಯಾದರೂ ಬೇಕು. ನನಗೆ ಕತ್ತರಿ ಭಯವಿಲ್ಲ. ನಾನು ಬೆಳೆಯೋದು ಬುಡದಿಂದ. ಮೊಂಡು ಬ್ಲೇಡಿನ ಭಯ. ಈ ಮನೆಗೆ ಬಂದಂದಿನಿಂದ ಅದು ಸಾಣೆ ಕಂಡಿಲ್ಲ. ಕತ್ತರಿಸೋದಿಲ್ಲ, ಹರಿಯುತ್ತೆ. ಬಗ್ಗಿ ನೋಡಿ, ತುದಿಯೆಲ್ಲ ನಾರುನಾರಾಗಿ ಬೆಳ್ಳಗೆ ಒಣಗಿದೆ. ಅವರು ಇದನ್ನೇ ರೋಗ ಅಂದುಕೊಂಡು ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದ್ದಾರೆ.

ನಾವು: ಈ ಯಂತ್ರ ಕಂಡುಹಿಡಿದವನ ಮೇಲೆ ಸಿಟ್ಟಿರಬೇಕು.

ಹುಲ್ಲು: ಪಾಪ, ಅವನದೇನು ತಪ್ಪು? ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್, 1830ರಲ್ಲಿ. ಉಣ್ಣೆಬಟ್ಟೆಯ ಜುಂಗು ನುಣ್ಣಗೆ ಕತ್ತರಿಸುವ ಗಿರಣಿ ಯಂತ್ರ ನೋಡಿ ಹೊಳೆದದ್ದಂತೆ. ಜುಂಗು ತೆಗೆ ಅಂದರೆ ಬಟ್ಟೆಯನ್ನೇ ತೆಗೆದವರು ಇವರು.

ನಾವು: ಕತ್ತರಿಸಿದ ಹುಲ್ಲನ್ನು ಗುಡಿಸಿ ಚೀಲಕ್ಕೆ ತುಂಬೋದು ಶುಚಿಯಲ್ಲವೇ?

ಹುಲ್ಲು: ಶುಚಿಯಂತೆ! ಅದರಲ್ಲಿ ಬಹುಪಾಲು ನೀರು, ಉಳಿದದ್ದು ಗೊಬ್ಬರ. ಚಿಕ್ಕ ಚೂರುಗಳಾಗಿದ್ದರೆ ನನ್ನ ಮೇಲೇ ಬಿಡಿ, ಬೇಗ ಕೊಳೆತು ಸಾರಜನಕ ವಾಪಸ್ ಬರುತ್ತೆ. ನೆನೆದಾಗ ಮಾತ್ರ ಯಂತ್ರ ತರಬೇಡಿ, ಮುದ್ದೆಮುದ್ದೆಯಾಗಿ ಬಿದ್ದು ಉಸಿರು ಕಟ್ಟುತ್ತೆ. ಪ್ರತಿಸಲ ಒಂದೇ ಜಾಡಿನಲ್ಲಿ ಓಡಿಸಿದರೆ ನಾನೂ ಒಂದೇ ಕಡೆ ವಾಲಿಬಿಡ್ತೀನಿ. ದಿಕ್ಕು ಬದಲಿಸಿ ಅಂತ ಹೇಳಿ.

ನಾವು: ಗಣೇಶನ ಹಬ್ಬ ಹತ್ತಿರ ಬಂತು. ಆಗಲಾದರೂ ಮರ್ಯಾದೆ ಸಿಗುತ್ತಲ್ಲ?

ಹುಲ್ಲು: ಹೋದ ವರ್ಷ ಅಮ್ಮಾವರು ಇಪ್ಪತ್ತೊಂದು ಗರಿಕೆ ಬೇಕು ಅಂತ ಬುಟ್ಟಿ ಹಿಡಿದು ಇಡೀ ಲಾನು ಸುತ್ತಿದರು. ಪೂಜೆಗೆ ಕುಡಿ ಇರುವ ಎಸಳೇ ಆಗಬೇಕು. ಇಲ್ಲಿ ಕುಡಿ ಉಳಿದದ್ದು ಒಂದೂ ಇಲ್ಲ. ಕೊನೆಗೆ ಇಂಡಿಯನ್ ಸ್ಟೋರ್‌ಗೆ ಹೋಗಿ ಡಾಲರ್ ಕೊಟ್ಟು ಪೊಟ್ಟಣ ತಂದರು, ಅದನ್ನು ನನ್ನ ಮೇಲೇ ನಡೆದುಕೊಂಡು ಒಳಗೆ ಒಯ್ದರು. ಕಾಂಪೌಂಡಿನಾಚೆ ಫುಟ್‌ಪಾತಿನ ಬಿರುಕಿನಲ್ಲಿ ನನ್ನ ತಂಗಿಯರು ಕುಡಿ ಸಮೇತ ಇದ್ದರು. ಅವರ ಮೇಲೆ ಯಜಮಾನರು ಅದೇ ವಾರ ಕಳೆನಾಶಕ ಹೊಡೆದಿದ್ದರು.